ಫಲಕಕ್ಕೆ ಕಾಯಿ ಒಡೆದ ಮಾಮಾ

ನನ್ನ ಸೋದರಮಾವನನ್ನು ಕಾರಿನಲ್ಲಿ ಕೂರಿಸಿಕೊಂಡು ಅವನ ಊರು ಶಾಮ್‌ಬರ್ಗ್‌ನಿಂದ ನಮ್ಮ ಡೆಟ್ರಾಯಿಟ್‌ಗೆ ಐದು ಗಂಟೆಯಲ್ಲಿ ತಲುಪಿದವರು ಯಾರಾದರೂ ಇದ್ದರೆ ಅವರ ಪಾದಪೂಜೆ ಮಾಡುತ್ತೇನೆ! ನನಗೆ ಒಂಬತ್ತು ಗಂಟೆ ಬೇಕು. ರಸ್ತೆಬದಿಯಲ್ಲಿ ಇತಿಹಾಸದ ಫಲಕ ಕಂಡರೆ ಸಾಕು, "ಲೇ, ನಿಲ್ಲಸೋ!" ಎಂದು ಸ್ಟೀರಿಂಗಿಗೇ ಕೈ ಹಾಕುತ್ತಾನೆ. ಸುಮ್ಮನೆ ಓದುತ್ತಾನೆಯೇ? ಬೂಟು ಬಿಚ್ಚಿಟ್ಟು, ಗಟ್ಟಿಯಾಗಿ, ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಹುಬ್ಬಳ್ಳಿ ಕನ್ನಡದಲ್ಲಿ! ನಾನು ಕಾರಿನೊಳಗೆ ತಲೆ ತಗ್ಗಿಸಿಕೊಂಡು ಕೂತಿರುತ್ತೇನೆ.

ಥ್ಯಾಂಕ್ಸ್ ಹೇಳುವುದು ಇನ್ನೊಂದು ಚಟ. ಟೋಲ್ ಬೂತಿನವಳಿಗೆ ಥ್ಯಾಂಕ್ಸ್. ತಾನಾಗಿ ತೆರೆದುಕೊಂಡ ಅಂಗಡಿ ಬಾಗಿಲಿಗೂ ಥ್ಯಾಂಕ್ಸ್! ಒಂಬತ್ತು ಗಂಟೆ ಡ್ರೈವ್ ಮಾಡಿದ ನನಗೆ ಮಾತ್ರ ಒಂದೂ ಇಲ್ಲ. ಕೇಳಿದರೆ, "ಮನಿ ಮಂದಿಗೆ ಥ್ಯಾಂಕ್ಸ್ ಹೇಳ್ತಾರೇನಲೇ ಹುಚ್ಚಾ? ಅದು ಹೊರಗಿನವ್ರಿಗೆ" ಎನ್ನುತ್ತಾನೆ.

ಎರಡು ಸಾವಿರದ ಮೂರರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ, ಡೆಟ್ರಾಯಿಟ್‌ನ ನಮ್ಮ ಮನೆ ಇನ್ನೆರಡು ಮೈಲಿ ಇರುವಾಗ, ನದಿಯ ಪಕ್ಕ ಹೊಸ ಫಲಕವೊಂದು ಕಂಡಿತು. ಹಿಂದೆ ಫ್ರೆಂಚ್ ವಲಸಿಗರು ದೋಣಿಯಿಂದ ಇಳಿದು, ಬದುಕಿ ಬಂದದ್ದಕ್ಕೆ ದೇವರಿಗೆ ಕೃತಜ್ಞತೆ ಸಲ್ಲಿಸಿದ ದಿನದ ನೆನಪಿಗೆ ನೆಟ್ಟದ್ದು. ಮಾಮಾ ಓದಿ ಕಣ್ಣೊರೆಸಿಕೊಂಡ. ನನ್ನ ಹೆಂಡತಿ ತರಹೇಳಿದ್ದ ತೆಂಗಿನಕಾಯಿಯನ್ನು ಡಿಕ್ಕಿಯಿಂದ ತೆಗೆದು ಫಲಕದ ಬುಡದ ಕಲ್ಲಿಗೆ ಫಟ್ಟನೆ ಒಡೆದ!

"ಅವ್ರನ್ನ ಹೊಳಿ ದಂಡಿಗೆ ಮುಟ್ಟಿಸಿದ ದೇವರಿಗೆ ಒಂದು ಕಾಯಿ ಬ್ಯಾಡೇನೋ?"

ಆಗಲೇ ನಾಯಿ ಹಿಡಿದುಕೊಂಡು ನನ್ನ ಮ್ಯಾನೇಜರ್ ಬರಬೇಕೇ! ನನ್ನ ಗ್ರೀನ್ ಕಾರ್ಡ್ ಕಾಗದಕ್ಕೆ ಸಹಿ ಹಾಕಬೇಕಾದವನು. ಬರಿಗಾಲಲ್ಲಿ, ಕೋಟಿನ ಮೇಲೆಲ್ಲ ಕಾಯಿನೀರು ಚೆಲ್ಲಿಕೊಂಡು ನಿಂತ ಮಾಮಾನನ್ನು ನೋಡಿ, "ನಿಮ್ಮವರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಇಲ್ಲ, ಇಲ್ಲ. ಬರೀ ಪರಿಚಯ. ರೈಡ್ ಕೇಳಿದರು, ಅಷ್ಟೆ" ಎಂದೆ, ನಾನೂ ಇಂಗ್ಲಿಷಿನಲ್ಲೇ.

ನಾಲಿಗೆ ಎಷ್ಟು ಸಲೀಸಾಗಿ ಹೊರಳಿತು! ನಾನು ಈ ದೇಶಕ್ಕೆ ಬಂದಿಳಿದಾಗ ಏರ್‌ಪೋರ್ಟಿನಲ್ಲೇ ತನ್ನ ಕೋಟು ಬಿಚ್ಚಿ ಹೊದಿಸಿದವನು, ಆರು ತಿಂಗಳು ಅನ್ನ ಹಾಕಿದವನು, ಎರಡು ಅಡಿ ದೂರದಲ್ಲಿ ಕಾಯಿ ಚೂರು ಆಯುತ್ತಿದ್ದ. ಮೂವತ್ತು ವರ್ಷ ಇಲ್ಲಿ ಇಂಜಿನಿಯರ್ ಆಗಿದ್ದವನಿಗೆ ಇಂಗ್ಲಿಷ್ ಅರ್ಥವಾಗುವುದಿಲ್ಲವೇ? ಇದನ್ನು ಬರೆಯುವಾಗಲೂ ನಾಚಿಕೆಯಿಂದ ಮುಖ ಬಿಸಿಯಾಗುತ್ತದೆ.

ಮನೆಯ ದಾರಿಯಲ್ಲಿ ಇನ್ನೊಂದು ಫಲಕ ಕಂಡರೂ ಮಾಮಾ ನಿಲ್ಲಿಸು ಎನ್ನಲಿಲ್ಲ. ಮನೆ ಮುಂದೆ ಕಾರಿಳಿದು, ಬಗ್ಗಿ ನನ್ನ ಮುಖ ನೋಡಿದ.

"ಥ್ಯಾಂಕ್ಸ್ ರೀ" ಎಂದ.

ನಾನು ಹಿಂದೆಯೇ ಓಡಿ ಅವನ ಕೈ ಹಿಡಿದುಕೊಂಡೆ. "ಮಾಮಾ, ತಪ್ಪಾತು. ಬೈ ನನಗ."

ಅವನು ಜೇಬಿನಿಂದ ಕಾಯಿ ಚೂರೊಂದನ್ನು ತೆಗೆದು ನನ್ನ ಬಾಯಿಗಿಟ್ಟ. "ತಿನ್ನಲೇ, ಪ್ರಸಾದ ಅದು."

ತಿಂದೆ. ಥ್ಯಾಂಕ್ಸ್ ಹೇಳಲಿಲ್ಲ.