ಬಾಣಂತಿ ಕೋಣೆಗೆ ಬಂದ ಶಕ್ತಿ ಪೆಟ್ಟಿಗೆ

ನನಗೆ ಅನುಮಾನ ಜಾಸ್ತಿ, ನಾನೇ ಒಪ್ಪಿಕೊಂಡುಬಿಡ್ತೀನಿ. ಹಾಲಿನವಳು ನಕ್ಕರೂ ಚೊಂಬಿನೊಳಗೆ ಇಣುಕಿ ನೋಡೋಳು ನಾನು. ಅಂಥವಳಿಗೂ ಹೋದ ತಿಂಗಳು ಮೊಮ್ಮಗಳು ಹುಟ್ಟಿದಾಗ ಕಾಲು ನೆಲದ ಮೇಲೆ ನಿಲ್ಲಲಿಲ್ಲ ನೋಡಿ! ಯುದ್ಧ ಮುಗಿದರೂ ಸಕ್ಕರೆ ಇನ್ನೂ ರೇಷನ್ನು. ಅದಕ್ಕೇ ನಮ್ಮ ಮಧುರೆ ಊರಿಗೆಲ್ಲ ಬೆಲ್ಲ ಹಂಚಿದೆ. ದಾರೀಲಿ ಹೋಗೋ ಬಸ್ಸು ನಿಲ್ಲಿಸಿ ಡ್ರೈವರ್ ಬಾಯಿಗೂ ಹಾಕಿದೆ. ಆದರೆ ಹೆತ್ತ ಮಗಳು ಜಯಮ್ಮನೇ ನಗಲಿಲ್ಲ. ಹಾಲು ಕುಡಿಸಿ ಮತ್ತೆ ಗೋಡೆ ಕಡೆ ತಿರುಗೋಳು. ಮಗೂನ ಎತ್ತೋದು, ಆಡಿಸೋದು ಎಲ್ಲ ನಾನೇ.

ಅಳಿಯ ಇಲ್ಲೇ ಹತ್ತಿರದ ವಿಜಯಪುರದಲ್ಲಿ ರೇಷ್ಮೆ ನೂಲು ಹುರಿ ಮಾಡಿಸೋನು, ಓದಿದೋನು. ಒಂದು ದಿನ ಎತ್ತಿನಗಾಡಿಯಿಂದ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಇಳಿಸಿ ಬಾಣಂತಿ ಕೋಣೇಲೇ ಇಡಿಸಿದ. ಹೊರಗೆ ಮರ, ಒಳಗೆ ತಗಡು, ಬಾಗಿಲಲ್ಲಿ ಅಂಗೈಯಗಲ ಕಿಂಡಿ.

“ಅತ್ತೆ, ಬೆಂಗಳೂರಲ್ಲಿ ಮನಸ್ಸಿನ ಡಾಕ್ಟರೊಬ್ಬರ ಸಂಸ್ಥೆ ಐತೆ. ಗಾಳೀಲಿರೋ ಜೀವಶಕ್ತಿ ಇದರೊಳಗೆ ತುಂಬ್ಕೊಳ್ತದಂತೆ. ಜಯ ದಿನಾ ಅರ್ಧ ಗಂಟೆ ಕೂತರೆ ಮನಸ್ಸಿನ ಗಂಟು ಬಿಚ್ಕೊಳ್ತದೆ.”

ಗಾಳಿಯಂತೆ! ಬಾಣಂತಿಗೆ ಗಾಳಿ ಸೋಕಬಾರದು ಅಂತ ನಾನು ಅವಳ ಕಿವಿಗೆ ಹತ್ತಿಯಿಟ್ಟು, ಕಿಟಕಿಗೆ ಕಂಬಳಿ ಹೊಡೆದು ಕಾಯ್ತಿದ್ದರೆ, ಈ ಮಹರಾಯ ಗಾಳೀನ ಪೆಟ್ಟಿಗೆಗೆ ತುಂಬಿ ತಂದಿದ್ದಾನೆ.

“ಆ ಸಂಸ್ಥೇಲಿ ಯಾರ್ಯಾರವ್ರಪ್ಪಾ?”

“ಡಾಕ್ಟರು. ಒಬ್ಬ ಬಡಗಿ.”

“ಮದ್ದು ಅರೆಯೋನು?”

“ಇಲ್ಲ ಅತ್ತೆ.”

ಡಾಕ್ಟರ ಮನೇಲಿ ಬಡಗಿಗೇನು ಕೆಲಸ? ಅನುಮಾನ ಗಟ್ಟಿಯಾಯ್ತು. “ಮೊದಲು ನಾನು ಕೂತು ನೋಡ್ತೀನಿ. ಏನಾದರೂ ಆದರೆ ಮುದುಕಿಗೆ ತಾನೆ” ಅಂತ ಮಗು ತೊಟ್ಟಿಲಲ್ಲಿ ಮಲಗಿದ್ದಾಗ ಒಳಹೊಕ್ಕೆ. ಶಕ್ತಿ ಸೋರಬಾರದಂತೆ, ಅಳಿಯ ಹೊರಗಿಂದ ಅಗುಳಿ ಹಾಕಿ ತೋಟಕ್ಕೆ ಹೋದ. ಶಕ್ತಿ ಯಾವ ಮೂಲೆಯಿಂದ ಬರ್ತದೋ ಹಿಡಿಯೋಣ ಅಂತ ಕಣ್ಣರಳಿಸಿ ಕೂತೆ. ಬಂದದ್ದು ಬೆವರು.

ಅಷ್ಟರಲ್ಲಿ ಮಗು ಅತ್ತಿತು. “ಲೇ, ಬಾಗಿಲು ತೆಗೀರೋ!” ಅಂತ ತಗಡು ಬಡಿದೆ. ಮಗು ಕಿರುಚಿತು, ನಾನೂ ಕಿರುಚಿದೆ. ಕಿಂಡಿಗೆ ಕಣ್ಣಿಟ್ಟರೆ ಜಯಮ್ಮ ಎದ್ದಳು. ನನ್ನ ಕಡೆ ಬರಲಿಲ್ಲ, ತೊಟ್ಟಿಲಿಗೆ ಹೋಗಿ ಮಗೂನ ಎತ್ಕೊಂಡಳು. ಅಳು ನಿಂತಿತು.

“ಕತ್ತು ಹಿಡ್ಕೊಳೇ!” ಅಂದೆ.

“ಗೊತ್ತು ಕಣಮ್ಮ. ಹುಟ್ಟಿದಾಗಿಂದ ನನ್ನ ಕೈಗೆಲ್ಲಿ ಬಿಟ್ಟಿದ್ದೀಯ? ಹಾಲು ಕುಡಿಸೋವಾಗಲೂ ನಿನ್ನ ಕೈಯೇ ಅಡ್ಡ.” ಮಗು ಮುಖ ನೋಡಿ ನಕ್ಕಳು. “ಇನ್ನೊಂದು ಸ್ವಲ್ಪ ಹೊತ್ತು ಅಲ್ಲೇ ಇರು.”

ಗುಣ ಕಂಡಿತು ಅಂತ ಅಳಿಯ ಸಂಸ್ಥೆಗೆ ಕಾಗದ ಹಾಕಿದ್ದಾನೆ. ಆ ಡಾಕ್ಟರನ್ನ ನಾನಂತೂ ನಂಬಲ್ಲ. ಆದರೂ ದಿನಾ ಬೆಳಿಗ್ಗೆ ನಾನೇ ಹೋಗಿ ಪೆಟ್ಟಿಗೆಯೊಳಗೆ ಕೂತ್ಕೊಳ್ತೀನಿ. ಅಗುಳಿ ಮಾತ್ರ ಹೊರಗಿಂದಲೇ ಹಾಕಿಸ್ತೀನಿ. ಮಗು ಅತ್ತರೆ ನನ್ನನ್ನೂ ನಂಬೋ ಹಾಗಿಲ್ಲ.