ಇನ್ನೊಂದು ಕೊಟೇಶನ್ ಬರಲಿ

ಯಮನೇ ಬಂದು ಬಾಗಿಲು ಬಡಿದರೂ ನನ್ನ ತಮ್ಮ ಅವನನ್ನು ಪಡಸಾಲೆಯಲ್ಲಿ ಕೂಡಿಸಿ, ಇನ್ನಿಬ್ಬರ ಕೊಟೇಶನ್ ಬರುವ ತನಕ ಕಾಯಿಸುವ ಪೈಕಿ. ಉತ್ಪ್ರೇಕ್ಷೆ ಎಂದಿರಾ? ಕೇಳಿ.

ಗದಗ ಹೊಸ ಜಿಲ್ಲೆಯಾಗುವ ಮೊದಲಿನಿಂದಲೂ ಅವನು ಸರಕಾರಿ ಕಚೇರಿಯೊಂದರಲ್ಲಿ ಸ್ಟೋರ್ ಕ್ಲರ್ಕ್. ಕುರ್ಚಿಯಾಗಲಿ, ಗುಂಡುಸೂಜಿಯಾಗಲಿ, ಮೂರು ಕಡೆಯಿಂದ ಕೊಟೇಶನ್ ತರಿಸಬೇಕು. ಉದ್ದನೆಯ ಹಾಳೆಗೆ ಗೆರೆ ಹೊಡೆದು ಮೂರನ್ನೂ ಪಕ್ಕಪಕ್ಕ ಬರೆದು 'ಕಂಪ್ಯಾರೆಟಿವ್ ಸ್ಟೇಟ್‌ಮೆಂಟ್' ಮಾಡಬೇಕು. ಅದು ರೂಲ್. ಉಳಿದವರು ಕಚೇರಿಯಲ್ಲಿ ಮಾಡಿದರು, ಇವನು ಮನೆಯಲ್ಲೂ ಮಾಡಿದ! ಹಿಂದೆ ತನ್ನ ಮದುವೆಗೂ ಮೂರು ಹೆಣ್ಣು ನೋಡಿದ್ದ: ಲಕ್ಷ್ಮೇಶ್ವರದ್ದೊಂದು, ಶಿರಹಟ್ಟಿಯದೊಂದು, ಮುಂಡರಗಿಯದೊಂದು. ಸ್ಟೇಟ್‌ಮೆಂಟ್ ಮುಗಿಯುವಷ್ಟರಲ್ಲಿ ಮೊದಲಿನ ಇಬ್ಬರಿಗೂ ಬೇರೆ ಕಡೆ ಅಕ್ಷತೆ ಬಿದ್ದಿತ್ತು. ಮುಂಡರಗಿಯವಳನ್ನೇ ಯಾಕೆ ಆರಿಸಿದೆ ಎಂದು ಕೇಳಿದರೆ, "ಉಳದವ್ರು ಟೆಂಡರ್ ವಾಪಸ್ ತಗೊಂಡ್ರಕ್ಕಾ" ಎಂದ.

ರಿಟೈರ್ ಆದ ಮೇಲೆ ಮಲದಲ್ಲಿ ರಕ್ತ ಕಾಣಿಸಿತು. ಮೂಲವ್ಯಾಧಿ ಎಂದು ಸುಮ್ಮನಿದ್ದ. (ಇದಕ್ಕೆ ಮಾತ್ರ ಒಂದೇ ಒಪಿನಿಯನ್ ಸಾಕಾಯಿತು, ಅದೂ ಅವನದೇ!) ಕೊನೆಗೆ ಹುಬ್ಬಳ್ಳಿಯಲ್ಲಿ ಕ್ಯಾಮೆರಾ ಹಾಕಿ ನೋಡಿದರು. ಗುದನಾಳದ ಕ್ಯಾನ್ಸರ್. ರೇಡಿಯೇಶನ್, ಕಿಮೋ ಮುಗಿದು ಗಡ್ಡೆ ಕುಗ್ಗಿತು. ಈಗಲೇ ಆಪರೇಶನ್ ಆದರೆ ಕರುಳನ್ನು ಮತ್ತೆ ಕೂಡಿಸಬಹುದು. ತಡವಾದರೆ ಮಲ ತಡೆಯುವ ಸ್ನಾಯುವನ್ನೂ ತೆಗೆಯಬೇಕಾದೀತು, ಆಮೇಲೆ ಬದುಕಿರುವ ತನಕ ಹೊಟ್ಟೆಯ ಮೇಲೆ ಮಲದ ಚೀಲ ಎಂದರು ಸರ್ಜನ್. ಸಾವಿಗೆ ಹೆದರಲಿಲ್ಲ ತಮ್ಮ, ಆ ಚೀಲಕ್ಕೆ ಹೆದರಿದ.

ಹೆದರಿದವನು ಏನು ಮಾಡಿದ? ಹಾಳೆಗೆ ಗೆರೆ ಹೊಡೆದ!

ಹುಬ್ಬಳ್ಳಿಯದು ಲ್ಯಾಪರೊಸ್ಕೋಪಿ, ಹೊಟ್ಟೆಗೆ ನಾಲ್ಕೈದು ಸಣ್ಣ ತೂತು. ಬೆಂಗಳೂರಿನದು ರೋಬೋಟ್, ತೂತು ಅಷ್ಟೇ, ಡಾಕ್ಟರ್ ಮಾತ್ರ ಆಚೆ ಕೂತು ಯಂತ್ರದ ಕೈಗಳನ್ನು ಆಡಿಸುತ್ತಾರೆ. ಮೂರನೆಯದರಲ್ಲಿ ಮೇಲಿನಿಂದಷ್ಟೇ ಅಲ್ಲ, ಗುದದ್ವಾರದ ಮೂಲಕವೂ ಕ್ಯಾಮೆರಾ ಒಳಹೋಗುತ್ತದೆ. ಕಾನ್ವೆಂಟ್ ಇಂಗ್ಲಿಷಿನ ನಾನು ದುಭಾಷಿ. ಆದರೆ ನಮ್ಮ ಮದರ್ ಸುಪೀರಿಯರ್ ಸೊಂಟದ ಕೆಳಗೆ ದೇಹವಿದೆ ಎಂಬುದನ್ನೇ ಒಪ್ಪಿರಲಿಲ್ಲ. ಆ ಶಬ್ದಗಳನ್ನೆಲ್ಲ ಎಪ್ಪತ್ತು ದಾಟಿದ ಮೇಲೆ ಕಲಿತೆ!

ತೂತು ಎಷ್ಟು, ನೋವು ಎಷ್ಟು ದಿನ, ಚೀಲ ತಪ್ಪೀತೇ ಎಂದು ಕಾಲಂಗಳು. ಕೊನೆಯದಕ್ಕೆ ಕೆಂಪು ಶಾಯಿ. ರೋಬೋಟಿನ ಡಾಕ್ಟರಿಗೆ, "ನಡಬರಕ ಕರೆಂಟ್ ಹೋದ್ರ ಅದರ ಕೈ ಎಲ್ಲಿ ನಿಂದರತಾವ್ರಿ?" ಎಂದ. ಅವರು ನಕ್ಕರು, ನಮ್ಮೂರು ಬೆಟಗೇರಿಯ ಕರೆಂಟು ಕಂಡವರಲ್ಲ, ಪಾಪ. ಪಳಗಿದ ಕೈಯಾದರೆ ಮೂರರಲ್ಲೂ ಹೆಚ್ಚು ಕಡಿಮೆ ಅಷ್ಟೇ ಗುಣ, ಎಲ್ಲಿಯಾದರೂ ಸರಿ, ಬೇಗ ಮಾಡಿಸಿ ಎಂದು ಇಬ್ಬರೂ ಡಾಕ್ಟರು ಹೇಳಿದರು. ತಮ್ಮ ಅದನ್ನು ಷರಾ ಕಾಲಂನಲ್ಲಿ ಬರೆದುಕೊಂಡ. ಮೂರನೆಯ ಡಾಕ್ಟರು ವಿದೇಶಕ್ಕೆ ಹೋಗಿದ್ದರು, ಬರುವುದು ತಿಂಗಳಾದ ಮೇಲೆ.

"ಎರಡರ ಮ್ಯಾಲೆ ಫೈಲ್ ಸರಿಯೂದಿಲ್ಲಕ್ಕಾ. ಆಬ್ಜೆಕ್ಷನ್ ಬರತೈತಿ."

"ಯಾರು ಹಾಕ್ತಾರಲೇ ಆಬ್ಜೆಕ್ಷನ್? ಗಡ್ಡಿ ನಿಂದು, ಹೊಟ್ಟಿ ನಿಂದು."

ಅವನು ಕಾದ. ಕೈ ಹಿಡಿದು ಎಳೆದೊಯ್ಯಬೇಕಾಗಿದ್ದ ನಾನು ಈ ಕಥೆಯನ್ನು ನೆರೆಹೊರೆಗೆ ಹೇಳಿ ನಗಿಸುತ್ತ ಕೂತೆ.

ಒಂದು ತಿಂಗಳು ಎಂದದ್ದು ಎರಡಾಯಿತು. ಮೂರನೆಯವರು ಬಂದು ಹೊಸ ಸ್ಕ್ಯಾನ್ ಮಾಡಿಸಿದರು. ಗಡ್ಡೆ ಮತ್ತೆ ಬೆಳೆದು ಸ್ನಾಯುವಿಗೆ ತಾಗಿತ್ತು. ಇನ್ನು ಯಾವ ವಿಧಾನದಿಂದ ಹೋದರೂ ಸ್ನಾಯು ಉಳಿಯದು, ಚೀಲ ತಪ್ಪದು. ತಮ್ಮ ಅಲ್ಲೇ ಬೆಂಚಿನ ಮೇಲೆ ಕೂತು ಕೆಂಪು ಕಾಲಂ ತುಂಬಿದ. ಇಲ್ಲ, ಇಲ್ಲ, ಇಲ್ಲ. ಅಕ್ಷರ ಒಂದೂ ಗೆರೆ ದಾಟಿರಲಿಲ್ಲ.

ಆಪರೇಶನ್ ಹುಬ್ಬಳ್ಳಿಯಲ್ಲೇ ಎಂದಾಯಿತು. ಹಿಂದಿನ ದಿನ ನರ್ಸ್ ಬಂದು, ಚೀಲ ಕೂಡುವ ಜಾಗವನ್ನು ಈಗಲೇ ಗುರುತು ಹಾಕಬೇಕು ಎಂದಳು. ಧೋತರದ ಗಂಟು ಎಲ್ಲಿ ಬರುತ್ತದೆ, ಊಟಕ್ಕೆ ಕೂತಾಗ ಹೊಟ್ಟೆ ಎಲ್ಲಿ ಮಡಚುತ್ತದೆ ಎಂದು ಕೇಳಿದಳು. ಜಗತ್ತನ್ನೆಲ್ಲ ಕಾಲಂನಲ್ಲಿ ಕೂಡಿಸಿದವನಿಗೆ ತನ್ನ ಹೊಟ್ಟೆಯದು ಗೊತ್ತಿರಲಿಲ್ಲ. ನನ್ನ ಮುಖ ನೋಡಿದ. ನನಗೇನು ಗೊತ್ತು?

ಇಷ್ಟು ತಿಂಗಳೂ ಒಂದು ಮಾತಾಡದೆ ಟಿಫಿನ್ ಡಬ್ಬಿ ಹಿಡಿದು ಹಿಂದೆ ಹಿಂದೆ ತಿರುಗಿದ ಅವನ ಹೆಂಡತಿ ಮುಂದೆ ಬಂದಳು. ಅಂಗಿ ಸರಿಸಿ, ಹೊಕ್ಕಳಿನ ಎಡಕ್ಕೆ, ತುಸು ಕೆಳಗೆ ಬೆರಳಿಟ್ಟಳು.

"ಇಲ್ಲಿ ಹಾಕ್ರಿ. ಗಂಟೂ ಬರೂದಿಲ್ಲ, ಮಡಿಕಿನೂ ಬೀಳೂದಿಲ್ಲ."

ಇನ್ನೆರಡು ಜಾಗ ತೋರಿಸು ಎನ್ನುತ್ತಾನೆ ಅಂದುಕೊಂಡೆ. ಅನ್ನಲಿಲ್ಲ. ನರ್ಸ್ ಪೆನ್ನು ಹುಡುಕಿ ತರುವ ತನಕ ಆ ಬೆರಳನ್ನು ಎರಡೂ ಕೈಯಿಂದ ಅಲ್ಲೇ ಒತ್ತಿ ಹಿಡಿದುಕೊಂಡಿದ್ದ.