ಇಬ್ಬರ ಕಡೆಯೂ, ಯಾರ ಕಡೆಯೂ ಅಲ್ಲ

ಜಗಳದಲ್ಲಿ ನೀವು ಯಾರ ಕಡೆ ಎಂದು ಕೇಳಿದರೆ ನನಗೆ ತಕ್ಷಣ ಕೆಮ್ಮು ಬರುತ್ತದೆ. ಹುಟ್ಟುಗುಣ. ಮೈಸೂರಿನ ನಮ್ಮ ಬೀದಿಯಲ್ಲಿ ನಲ್ಲಿ ನೀರಿಗಾಗಿ ಎರಡು ಮನೆಯವರು ಕಿತ್ತಾಡಿದಾಗ, ನಾನು ಇಬ್ಬರಿಗೂ ತಲೆಯಾಡಿಸಿ ಇಬ್ಬರಿಂದಲೂ ಬೈಸಿಕೊಂಡವನು. ಇಂಥವನ ಕೈಗೆ ಲೋಕವೇ ಎರಡು ಪಾಲಾಗಿ ವಾದಿಸುವ ತಕರಾರೊಂದು ಬಂದು ಬಿತ್ತು, ಅದೂ ಹಾಲೆಂಡಿನಲ್ಲಿ.

ಎರಡು ಸಾವಿರ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆ ಎಂಬ ಭಯದಲ್ಲಿ ನಮ್ಮಂಥವರನ್ನು ಕರೆಕರೆದು ಕೆಲಸ ಕೊಡುತ್ತಿದ್ದ ಕಾಲ. ಹೂಫ್‌ಡಾರ್ಪ್ ಎಂಬ ಊರಿನ ಒಂದು ಸಣ್ಣ ಕಂಪನಿಯಲ್ಲಿದ್ದೆ. ಅಮೆರಿಕದಲ್ಲಿ ಫೋನು ಮಾಡಿ ಕೇಳಿದ ಜನಾಭಿಪ್ರಾಯವನ್ನು ವಿಂಗಡಿಸುವುದು ನಮ್ಮ ಕಸುಬು. ಆ ಸಲದ ಪ್ರಶ್ನೆ: ಇಸ್ರೇಲಿಗಳು, ಪ್ಯಾಲೆಸ್ಟೀನಿಯರು, ಇವರಲ್ಲಿ ನಿಮ್ಮ ಸಹಾನುಭೂತಿ ಯಾರ ಕಡೆ? ಉತ್ತರ ಐದು ಬಗೆ. ಇವರ ಕಡೆ, ಅವರ ಕಡೆ, ಇಬ್ಬರ ಕಡೆಯೂ, ಯಾರ ಕಡೆಯೂ ಅಲ್ಲ, ಗೊತ್ತಿಲ್ಲ. ಪ್ರೋಗ್ರಾಮ್ ಬರೆದವನು ನಾನು. ಕೊನೆಯ ಮೂರೂ ಒಂದೇ ತಾನೆ ಎಂದು ಎಲ್ಲವನ್ನೂ 'ಗೊತ್ತಿಲ್ಲ'ಕ್ಕೆ ಸುರಿದುಬಿಟ್ಟೆ.

ನಮ್ಮ ಮ್ಯಾನೇಜರ್ ಮಾರಿಕೆ ಪ್ರಿಂಟ್‌ಔಟ್ ಹಿಡಿದು ಬಂದಳು. "ಅಮೆರಿಕದಲ್ಲಿ ಇಷ್ಟೊಂದು ಜನಕ್ಕೆ ಏನೂ ಗೊತ್ತಿಲ್ಲವಾ? ಅಥವಾ ನಿನಗಾ?" ಡಚ್ಚರಿಗೆ ಸುತ್ತಿ ಬಳಸಿ ಹೇಳುವ ಅಭ್ಯಾಸವಿಲ್ಲ. "ನಾಡಿದ್ದು ವರದಿ ಹೋಗಬೇಕು. ಅವರು ಆಡದ ಮಾತನ್ನು ಅವರ ಬಾಯಿಗೆ ತುರುಕಿದ್ದೀಯ." ನನ್ನ ಕಾಂಟ್ರಾಕ್ಟಿನ ನವೀಕರಣ ಪತ್ರ ಸಹಿಯಿಲ್ಲದೆ ಅವಳ ಮೇಜಿನ ಮೇಲಿತ್ತು. ಅದಿಲ್ಲದಿದ್ದರೆ ವೀಸಾನೂ ಇಲ್ಲ.

ಮನೆಗೆ ಬಂದು ಹೆಂಡತಿ ಸುಧಾಳಿಗೆ ಹೇಳಿದೆ. ಸಮಾಧಾನ ಸಿಗುತ್ತದೆಂಬ ಆಸೆ.

"ಅಲ್ಲಾ ರೀ, ಇಬ್ಬರೂ ನಮ್ಮೋರೇ ಅನ್ನೋದಕ್ಕೂ ಇಬ್ಬರೂ ಹಾಳಾಗಿ ಹೋಗ್ಲಿ ಅನ್ನೋದಕ್ಕೂ ವ್ಯತ್ಯಾಸ ಗೊತ್ತಾಗಲ್ವಾ ನಿಮಗೆ?" ಎಂದು ಪಲ್ಯಕ್ಕೆ ಒಗ್ಗರಣೆ ಹಾಕಿದಳು. ಸಾಸಿವೆಯೂ ನನ್ನನ್ನೇ ನೋಡಿ ಸಿಡಿದಂತಾಯಿತು.

ಮರುದಿನ ಮೂಲ ಹಾಳೆಗಳ ಕಟ್ಟು ಬಿಚ್ಚಿ ನಾನೂ ಮಾರಿಕೆಯೂ ಒಂದೊಂದಾಗಿ ಓದಲು ಕೂತೆವು. ಫೋನು ಮಾಡಿದವರು ಅಂಚಿನಲ್ಲಿ ಜನರ ಮಾತನ್ನು ಗೀಚಿಟ್ಟಿದ್ದರು. ಒಬ್ಬಾತ, "ಯಾರ ಕಡೆಯೂ ಅಲ್ಲ, ನನಗೆ ನನ್ನ ಮನೆಯ ರಗಳೆಯೇ ಸಾಕು" ಎಂದಿದ್ದ. ಇನ್ನೊಬ್ಬ, ಆ ಜಾಗ ಭೂಪಟದಲ್ಲಿ ಎಲ್ಲಿದೆಯೋ ತಿಳಿಯದು ಎಂದು ಕ್ಷಮೆ ಕೇಳಿದ್ದ. ಒಬ್ಬ ಮುದುಕಿ ಮಾತ್ರ, "ಇಬ್ಬರ ಕಡೆಯೂ. ಎರಡೂ ಕಡೆಯ ತಾಯಂದಿರನ್ನು ಟಿವಿಯಲ್ಲಿ ನೋಡಿದೆ, ಅಳು ಒಂದೇ ಥರ ಇತ್ತು" ಎಂದಿದ್ದಳು. ಆಕೆಯನ್ನು ನಾನು 'ಗೊತ್ತಿಲ್ಲ' ಎಂದು ಎಣಿಸಿದ್ದೆ. ಮಾರಿಕೆ ಆ ಹಾಳೆಯನ್ನು ಸರಿಯಾದ ಗುಂಪಿಗೆ ಸರಿಸಿದಳು.

ಮಾರನೆಯ ದಿನ ಮಧ್ಯಾಹ್ನ ವರದಿ ಹೋಯಿತು, ಪತ್ರಕ್ಕೂ ಸಹಿ ಬಿತ್ತು. ಕಾಫಿ ಕುಡಿಯುತ್ತಾ ಮಾರಿಕೆ ಕೇಳಿದಳು: "ಇಷ್ಟೆಲ್ಲ ಓದಿದೆಯಲ್ಲ, ನಿನ್ನ ಸಹಾನುಭೂತಿ ಯಾರ ಕಡೆ?"

"ನಾನು ಬರೀ ಪ್ರೋಗ್ರಾಮರ್" ಎಂದೆ, ಕೆಮ್ಮುತ್ತಾ.

ಅವಳು ಪೆನ್ನು ತೆಗೆದು ಖಾಲಿ ಹಾಳೆಯೊಂದರಲ್ಲಿ ನನ್ನ ಹೆಸರು ಬರೆದಳು. ಅದರ ಮುಂದೆ, ನಾನು ಪ್ರೋಗ್ರಾಮಿನಲ್ಲಿ ಜಾಗವನ್ನೇ ಕೊಡದಿದ್ದ ಆರನೆಯ ಉತ್ತರವನ್ನು ಬರೆದಳು: 'ಪ್ರಶ್ನೆ ಕೇಳಿ ಫೋನು ಇಟ್ಟುಬಿಟ್ಟರು.'